ಮುಳುಗುವವನ ಕಿವಿ

ಬೀದರಿನ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ತೋಡಿದ ತೆರೆದ ಬಾವಿಗಳು ಬೇಸಗೆಯ ರಜೆಯಲ್ಲಿ ಹುಡುಗರ ಈಜುಶಾಲೆಗಳು. ಕೊಳಾರವಾಗಲಿ ಭಾಲ್ಕಿಯಾಗಲಿ ಔರಾದವಾಗಲಿ, ಬೆಂಡು ಕಟ್ಟಿಕೊಂಡು ಈಜು ಕಲಿತವನಿಗೆ ಮುಂದಿನ ಆಸೆ ಒಂದೇ: ತಳ ಮುಟ್ಟಿ ಬರಬೇಕು. ಬಾವಿಗೆ ಬಿದ್ದ ಕೊಡವನ್ನು ಎತ್ತಲು ಪಾತಾಳಗರಡಿಯುಂಟು. ಅದರ ಕೊಂಡಿಗೆ ಸಿಕ್ಕದ ವಸ್ತುವನ್ನು ಉಸಿರು ಕಟ್ಟಿ ಮುಳುಗಬಲ್ಲವನೇ ತರಬೇಕು.

ಅಂಥವನು ಒಂದಾಳು ಇಳಿಯುವುದರೊಳಗೆ ಕಿವಿಯಲ್ಲಿ ಏನೋ ಅದುಮಿದಂತಾಗುತ್ತದೆ. ಎರಡಾಳು ಇಳಿದರೆ ಸೂಜಿಯಿಂದ ಚುಚ್ಚಿದಂಥ ನೋವು. ‘ಸಹಿಸಿಕೊಂಡು ಇಳಿ, ಕಿವಿ ಪಳಗುತ್ತದೆ’ ಎಂದು ದಡದ ಮೇಲಿನವರು ಹುರಿದುಂಬಿಸುವುದುಂಟು. ಇದಕ್ಕಿಂತ ಕೆಟ್ಟ ಸಲಹೆ ಬೇರೊಂದಿಲ್ಲ. ನೋವು ಏಕೆ ಬರುತ್ತದೆ, ಅದು ಬಾರದಂತೆ ಇಳಿಯುವ ಬಗೆ ಯಾವುದು ಎಂಬುದನ್ನು ನೋಡೋಣ.

ಕಿವಿಯ ತಮಟೆಯ ಹೊರಗಡೆ ನೀರು. ಒಳಗಡೆ ಮಧ್ಯಕರ್ಣವೆಂಬ ಪುಟ್ಟ ಗಾಳಿಯ ಕೋಣೆ. ಒತ್ತಡ ಎರಡರಷ್ಟಾದಾಗ ಅನಿಲದ ಗಾತ್ರ ಅರ್ಧವಾಗುತ್ತದೆಂಬ ನಿಯಮವನ್ನು ರಾಬರ್ಟ್ ಬಾಯ್ಲನು 1662ರಲ್ಲಿ ಪ್ರಕಟಿಸಿದುದನ್ನು ವಾಚಕರು ಶಾಲೆಯಲ್ಲಿ ಓದಿದ್ದಾರೆ. ಬೀದರವು ಸಮುದ್ರಮಟ್ಟದಿಂದ ಸುಮಾರು 660 ಮೀಟರು ಎತ್ತರದಲ್ಲಿದೆ. ಅಲ್ಲಿಯ ವಾಯುಭಾರ ಸುಮಾರು 9.5 ಮೀಟರು ಎತ್ತರದ ನೀರಿನ ಕಂಬಕ್ಕೆ ಸಮ. ಆದುದರಿಂದ ಅಲ್ಲಿಯ ಬಾವಿಯಲ್ಲಿ ಅಷ್ಟು ಆಳಕ್ಕೇ ಒತ್ತಡ ಇಮ್ಮಡಿಯಾಗುತ್ತದೆ. ಮುರ್ಡೇಶ್ವರದ ಕಡಲಲ್ಲಿ ಮುಳುಗುವವನು ಇದಕ್ಕಾಗಿ 10 ಮೀಟರು ಇಳಿಯಬೇಕು.

ಈಗ ಲೆಕ್ಕ ಹಾಕಿ. ಬೀದರಿನ ಬಾವಿಯಲ್ಲಿ 1 ಮೀಟರು ಇಳಿದಾಗ ಮಧ್ಯಕರ್ಣದ ಗಾಳಿ ಸುಮಾರು ಹತ್ತನೆಯ ಒಂದಂಶದಷ್ಟು ಕುಗ್ಗಬೇಕು, 3 ಮೀಟರಿಗೆ ಕಾಲುಭಾಗದಷ್ಟು, 9.5 ಮೀಟರಿಗೆ ಅರ್ಧದಷ್ಟು. ಅಲ್ಲಿಂದ ಮತ್ತೆ ಅಷ್ಟೇ ದೂರ ಇಳಿದರೆ ಮೂರನೆಯ ಒಂದಂಶ ಉಳಿಯುತ್ತದೆ; ಎಂದರೆ ಎರಡನೆಯ ಹಂತದಲ್ಲಿ ಆಗುವ ಇಳಿತ ಆರನೆಯ ಒಂದಂಶ ಮಾತ್ರ. ಆಳ ಹೆಚ್ಚಿದಂತೆ ಕಿವಿಯ ಕಷ್ಟ ಹೆಚ್ಚುವುದೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಹೆಚ್ಚಿನ ಕಷ್ಟವೆಲ್ಲ ಮೊದಲ ಎರಡು ಮೂರು ಆಳಿನೊಳಗೇ ಇದೆ.

ಮಧ್ಯಕರ್ಣದ ಗೋಡೆ ಎಲುಬಿನದು, ಕುಗ್ಗಲಾರದು. ಬಗ್ಗಬಲ್ಲ ಭಾಗವೆಂದರೆ ಸುಮಾರು 0.1 ಮಿಲಿಮೀಟರು ದಪ್ಪದ ತಮಟೆ. ಒತ್ತಡ ತಾಕುವ ಅದರ ಹರವನ್ನು ಅರ್ಧ ಚದರ ಸೆಂಟಿಮೀಟರೆಂದು ಹಿಡಿದರೆ, 2 ಮೀಟರು ಆಳದಲ್ಲಿ ಆ ತೆಳ್ಳನೆಯ ಪೊರೆಯ ಮೇಲೆ 100 ಗ್ರಾಂ ತೂಕ ಇಟ್ಟಂತಾಗುತ್ತದೆ.

ಇದೇ ಕಷ್ಟ ಬೀದರಿನ ಆಕಾಶದಲ್ಲಿಯೂ ಉಂಟು. ಅಲ್ಲಿಯ ವಾಯುಪಡೆಯ ನೆಲೆಯಲ್ಲಿ ಯುದ್ಧವಿಮಾನ ಚಾಲಕರಿಗೆ ತರಬೇತಿ ನಡೆಯುತ್ತದೆ. ಒಳಗೆ ಒತ್ತಡವನ್ನು ಕಾಪಾಡುವ ಏರ್ಪಾಡಿಲ್ಲದ ವಿಮಾನವೊಂದು 3,000 ಮೀಟರು ಎತ್ತರದಿಂದ ಬೀದರಿನ ನೆಲಕ್ಕೆ ಇಳಿಯಿತೆನ್ನಿ. ಅದರಲ್ಲಿರುವವನ ಕಿವಿಯ ಮೇಲೆ ಹೆಚ್ಚುವ ಒತ್ತಡ, ಬಾವಿಯಲ್ಲಿ ಎರಡೂವರೆ ಮೀಟರು ಮುಳುಗಿದವನಿಗೆ ಆಗುವುದಕ್ಕಿಂತ ತುಸು ಕಡಮೆಯೇ. ಮುಳುಗುವವರು ಇಂದು ಕಲಿಯುವ ಅತ್ಯುತ್ತಮ ವಿಧಾನ ಹುಟ್ಟಿದ್ದೂ ವಿಮಾನದಲ್ಲಿಯೇ.

ಮಧ್ಯಕರ್ಣಕ್ಕೂ ಮೂಗಿನ ಹಿಂಭಾಗಕ್ಕೂ ನಡುವೆ ಸುಮಾರು 35 ಮಿಲಿಮೀಟರು ಉದ್ದದ ನಾಳವೊಂದಿದೆ. 16ನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯೂಸ್ಟೇಕಿಯ ಹೆಸರಿನಿಂದ ಅದನ್ನು ಯೂಸ್ಟೇಕಿಯನ್ ನಾಳವೆನ್ನುತ್ತಾರೆ. ಸಾಮಾನ್ಯವಾಗಿ ಅದು ಮುಚ್ಚಿಕೊಂಡಿದ್ದು, ಉಗುಳು ನುಂಗಿದಾಗ, ಆಕಳಿಸಿದಾಗ ಕ್ಷಣಕಾಲ ತೆರೆಯುತ್ತದೆ. ಅದನ್ನು ಬೇಕೆಂದಾಗ ತೆರೆಯಿಸಿ ಗಾಳಿಯನ್ನು ಒಳಗೆ ಕಳುಹಿಸುವುದೇ ಕಿವಿಯ ಒತ್ತಡವನ್ನು ಸರಿದೂಗಿಸುವ ವಿದ್ಯೆ. ಹೊರಗಿನ ಒತ್ತಡ ಸುಮಾರು ಒಂದೂಕಾಲು ಮೀಟರು ನೀರಿನಷ್ಟು ಹೆಚ್ಚಾಯಿತೆಂದರೆ ನಾಳದ ಬಾಯಿ ಅದುಮಿಹೋಗಿ, ಅದನ್ನು ತೆರೆಯುವ ಸ್ನಾಯುಗಳು ಸೋಲುತ್ತವೆ. ನೋವು ಬಂದ ಮೇಲೆ ಪ್ರಯತ್ನಿಸಿದವನಿಗೆ ಬಾಗಿಲು ತೆರೆಯದಿರುವುದು ಇದರಿಂದಲೇ.

ಎಲ್ಲರೂ ಬಲ್ಲ ಉಪಾಯವೆಂದರೆ ಮೂಗು ಬಾಯಿ ಮುಚ್ಚಿ ಎದೆಯಿಂದ ಗಾಳಿ ಒತ್ತುವುದು. ಬೊಲೋನ್ಯದ ಆಂತೋನಿಯೊ ವಾಲ್ಸಾಲ್ವ 1704ರ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದು ಮುಳುಗುವವರಿಗಾಗಿ ಅಲ್ಲ, ಕಿವಿಯೊಳಗಿನ ಕೀವನ್ನು ಹೊರದೂಡಲು. ನಿಂತವನಿಗೆ ಇದು ಸುಲಭ. ತಲೆ ಕೆಳಗಾಗಿ ಇಳಿಯುವವನಿಗೆ ಎದೆಯ ಗಾಳಿಯನ್ನು ಕೆಳಮುಖವಾಗಿ ತಳ್ಳಬೇಕಾಗುವುದರಿಂದ ಕಷ್ಟ. ಬಲಪ್ರಯೋಗ ಮಾಡಿದರೆ ಅಂತಃಕರ್ಣದ ನಾಜೂಕಾದ ಪೊರೆಗಳು ಹರಿಯುವ ಅಪಾಯವೂ ಇದೆ. ಮೂಗು ಹಿಡಿದು ಉಗುಳು ನುಂಗುವುದು ಇನ್ನೊಂದು ಬಗೆ. ಇದು ಇಂಗ್ಲೆಂಡಿನ ಕಿವಿವೈದ್ಯ ಜೋಸೆಫ್ ಟಾಯ್ನ್‌ಬಿಯದು. ಕಿವಿಯಲ್ಲಿ ಮೊರೆತ ಕೇಳಿಸುವ ಕಾಯಿಲೆಗೆ ಮದ್ದು ಹುಡುಕುತ್ತ, ಕ್ಲೋರೋಫಾರ್ಮಿನ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು ಆತ 1866ರಲ್ಲಿ ಸತ್ತ.

ಮೂರನೆಯದು ಜರ್ಮನ್ ವೈದ್ಯ ಹರ್ಮನ್ ಫ್ರೆಂಟ್ಸೆಲ್ 1938ರಲ್ಲಿ ತಿಳಿಸಿದ್ದು. ನೆಟ್ಟಗೆ ಕೆಳಕ್ಕೆರಗುವ ಬಾಂಬರು ವಿಮಾನಗಳ ಚಾಲಕರಿಗೆ ಕೈಗಳೆರಡೂ ಕೆಲಸದಲ್ಲಿರುವಾಗ ಎದೆ ಬಿಗಿಯುವ ವ್ಯವಧಾನವಿಲ್ಲ. ಅದಕ್ಕಾಗಿ ಅವನು ಎದೆಯನ್ನು ಬಿಟ್ಟು ನಾಲಗೆಯನ್ನೇ ಪಂಪಿನ ಕೊಂತವಾಗಿ ಬಳಸಿದ. ಗಂಟಲಿನ ಧ್ವನಿದ್ವಾರವನ್ನು ಮುಚ್ಚಿ, ಬಾಯಲ್ಲಿರುವ ಅಷ್ಟಿಷ್ಟು ಗಾಳಿಯನ್ನು ನಾಲಗೆಯಿಂದ ಮೂಗಿನ ಹಿಂಭಾಗಕ್ಕೆ ಒತ್ತುವುದು ಈ ಕ್ರಮ.

ಇದನ್ನು ಕಲಿಯಲು ಕನ್ನಡ ವಿದ್ಯಾರ್ಥಿಗೆ ಒಂದು ಅನುಕೂಲವುಂಟು. ನಮ್ಮ ವರ್ಣಮಾಲೆಯ ವರ್ಗಗಳು ಕಂಠದಿಂದ ತುಟಿಯವರೆಗೆ ಉಚ್ಚಾರಣಸ್ಥಾನದ ಕ್ರಮದಲ್ಲಿಯೇ ಇವೆ. ಮೊದಲು ಮೂಗು ಹಿಡಿದು ‘ಬ’ ಎನ್ನಿ, ಬಳಿಕ ‘ಮ’ ಎನ್ನಿ. ಮೊದಲನೆಯದು ಹೊರಡುತ್ತದೆ, ಎರಡನೆಯದು ಕಟ್ಟಿಕೊಳ್ಳುತ್ತದೆ. ‘ಮ’ಕಾರದಲ್ಲಿ ಮೆದು ಅಂಗುಳು ಇಳಿದು ಮೂಗಿನ ದಾರಿ ತೆರೆದಿರುತ್ತದೆ, ನಮಗೆ ಬೇಕಾದುದು ಆ ಸ್ಥಿತಿ. ಎರಡನೆಯದಾಗಿ, ಕೆಮ್ಮು ಹೊರಡುವ ಮುಂಚಿನ ಕ್ಷಣದಲ್ಲಿ ಗಂಟಲು ಮುಚ್ಚಿಕೊಳ್ಳುವುದನ್ನು ಗಮನಿಸಿ, ಕೆಮ್ಮದೆ ಹಾಗೆಯೇ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ. ಇವೆರಡೂ ಕೈಗೂಡಿದ ಮೇಲೆ ಬಾಯಿ ಮುಚ್ಚಿ, ಮೂಗು ಹಿಡಿದು, ನಾಲಗೆಯನ್ನು ‘ನ’ಕಾರದ ಸ್ಥಾನದಲ್ಲಿ ಹಲ್ಲಿನ ಹಿಂದೆ ಒತ್ತಿ, ಅಲ್ಲಿಂದ ಅದರ ಹಿಂಭಾಗವನ್ನು ‘ಙ’ಕಾರದ ಕಡೆಗೆ ಸದ್ದಿಲ್ಲದೆ ಉರುಳಿಸಿ. ಬರೆಯುವಾಗ ನಾವು ಮರೆತೇಬಿಟ್ಟಿರುವ ಈ ‘ಙ’ ಇಲ್ಲಿ ಉಪಯೋಗಕ್ಕೆ ಬರುತ್ತದೆ! ಬೆರಳುಗಳಡಿಯಲ್ಲಿ ಮೂಗಿನ ಹೊಳ್ಳೆ ತುಸು ಉಬ್ಬಿ, ಎರಡು ಕಿವಿಯಲ್ಲಿಯೂ ‘ಟಕ್’ ಎಂದರೆ ಸರಿಯಾಯಿತು. ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಿ. ಹೊಟ್ಟೆ ಬಿಗಿದರೆ ನೀವು ಮಾಡುತ್ತಿರುವುದು ವಾಲ್ಸಾಲ್ವನ ಕ್ರಮವೇ ಹೊರತು ಫ್ರೆಂಟ್ಸೆಲನದಲ್ಲ.

ನೆಲದ ಮೇಲೆ ಇದು ನಿರಾಯಾಸವಾಗುವ ತನಕ ನೀರಿನ ಮಾತು ಬೇಡ. ನೀರಿನಲ್ಲಿಯೂ ಮೊದಲು ಬಾವಿಯ ಹಗ್ಗ ಹಿಡಿದು, ಕಾಲು ಕೆಳಗಾಗಿ, ಬಲ್ಲವನೊಬ್ಬನು ನೋಡುತ್ತಿರುವಾಗಲೇ ಇಳಿಯಬೇಕು. ಒಂಟಿಯಾಗಿ ಎಂದಿಗೂ ಕೂಡದು. ತಲೆ ಮುಳುಗುವ ಮುನ್ನ ಒಮ್ಮೆ, ಆಮೇಲೆ ಅರ್ಧರ್ಧ ಮೀಟರಿಗೆ ಒಮ್ಮೆ, ನೋವಿಗೆ ಕಾಯದೆ ಕಿವಿ ಬಿಡಿಸಿಕೊಳ್ಳಬೇಕು. ಬಿಡದಿದ್ದರೆ ಅರ್ಧ ಮೀಟರು ಮೇಲೆ ಬಂದು ನೋಡಬೇಕು; ಆಗಲೂ ಬಿಡದಿದ್ದರೆ ಆ ದಿನದ ಮುಳುಗು ಮುಗಿಯಿತು. ನೆಗಡಿಯಿದ್ದಾಗ ನಾಳ ಊದಿಕೊಂಡಿರುವುದರಿಂದ ಮುಳುಗಲೇಬಾರದು. ಎಣ್ಣೆಯ ಅರಳೆಯನ್ನು ಕಿವಿಗೆ ಗಿಡಿದುಕೊಳ್ಳುವುದೂ ತಪ್ಪು. ಅರಳೆಗೂ ತಮಟೆಗೂ ನಡುವೆ ಇನ್ನೊಂದು ಗಾಳಿಯ ಕೋಣೆ ಹುಟ್ಟುತ್ತದೆ, ಅದಕ್ಕೆ ನಾಳವೇ ಇಲ್ಲ.

ತಮಟೆ ಹರಿದರೆ ನೋವು ಥಟ್ಟನೆ ಇಳಿದು, ‘ಪಳಗಿತು’ ಎಂಬ ಭ್ರಮೆ ಹುಟ್ಟಬಹುದು. ಆದರೆ ಮರುಕ್ಷಣವೇ ತಣ್ಣೀರು ಮಧ್ಯಕರ್ಣಕ್ಕೆ ನುಗ್ಗಿ, ಪಕ್ಕದಲ್ಲಿರುವ ಸಮತೋಲದ ಅರ್ಧವರ್ತುಲ ನಾಳಗಳನ್ನು ತಂಪಾಗಿಸುತ್ತದೆ. ತಲೆ ಗಿರ್ರನೆ ತಿರುಗಿ, ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದಾಗುತ್ತದೆ. ಕಿವಿಗೆ ತಣ್ಣೀರು ಹಾಕಿದಾಗ ತಲೆ ತಿರುಗುವ ಈ ಕ್ರಿಯೆಯನ್ನು ವಿವರಿಸಿದ ರಾಬರ್ಟ್ ಬಾರಾನಿಗೆ ಸಮತೋಲದ ಅಂಗಗಳ ಸಂಶೋಧನೆಗಾಗಿ 1914ರ ನೊಬೆಲ್ ಬಹುಮಾನ ಬಂದಿತು. ಬಾವಿಯಲ್ಲಿ ಹಾಗಾದವನು ಹಗ್ಗವನ್ನೋ ಗೋಡೆಯನ್ನೋ ಹಿಡಿದು ನಿಂತರೆ, ನೀರು ದೇಹದ ಬಿಸಿಗೆ ಬಂದಂತೆ ತಿರುಗು ತಗ್ಗುತ್ತದೆ. ದಡಕ್ಕೆ ಬಂದ ಮೇಲೆ ಕಿವಿಗೆ ಎಣ್ಣೆಯಾಗಲಿ ಯಾವ ರಸವಾಗಲಿ ಬಿಡದೆ, ಒಣದಾಗಿಟ್ಟು ವೈದ್ಯರಿಗೆ ತೋರಿಸಬೇಕು. ಸಣ್ಣ ಹರಕುಗಳು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ.