ಡಾಂಗಲ್ ನಿಮ್ಮ ಕೈಯಲ್ಲೇ ಇರಲಿ

ಸರ್ಕಾರಿ ಕಚೇರಿಗಳಿಗೆ ಸಾಮಾನು ಪೂರೈಸುವವರು, ಊರಿನ ಚರಂಡಿ ಕೆಲಸ ಹಿಡಿಯುವವರು, ಶಾಲೆಗೆ ಬೆಂಚು ಮಾಡಿಕೊಡುವವರು ಸ್ವಲ್ಪ ಇಲ್ಲಿ ಕೇಳಿ. ಮೊದಲೆಲ್ಲ ಟೆಂಡರ್ ಅಂದರೆ ಅರಗು ಹಾಕಿದ ಲಕೋಟೆ, ಕಚೇರಿಯ ಪೆಟ್ಟಿಗೆ. ಆ ಪೆಟ್ಟಿಗೆಯ ಹತ್ತಿರ ಹೋಗಲು ಬಿಡದವರೂ ಇದ್ದರು. 1999ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮಾಡಿತು, 2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಬಂತು, ಈಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ (ಕೆಪಿಪಿಪಿ) ಇದೆ. ಮನೆಯಲ್ಲೇ ಕೂತು ಟೆಂಡರ್ ಹಾಕಬಹುದು. ಇಷ್ಟು ಅನುಕೂಲ ಮಾಡಿಕೊಟ್ಟರೂ ನೀವು ಮಾಡುವುದೇನು? ಡಿಜಿಟಲ್ ಸಹಿಯ ಡಾಂಗಲನ್ನು ಸೈಬರ್ ಸೆಂಟರ್ ಹುಡುಗನ ಡ್ರಾಯರ್‌ನಲ್ಲಿ ಬಿಟ್ಟು ಬರುತ್ತೀರಿ! ಮರೆಯಬಾರದೆಂದು ಅದರ ಮೇಲೇ ಪಾಸ್‌ವರ್ಡ್ ಬರೆದು ಚೀಟಿ ಅಂಟಿಸಿರುತ್ತೀರಿ.

ಆ ಬೆರಳುದ್ದದ ಕಡ್ಡಿ ನಿಮ್ಮ ರುಜು. ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರ ಕೈಗಾದರೂ ಕೊಡುತ್ತೀರಾ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅದರಿಂದ ಹಾಕಿದ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆಯನ್ನೂ ಅದೇ ಕಾಯ್ದೆ ನಿಮ್ಮ ಮೇಲೆ ಹೊರಿಸಿದೆ. ಬೇರೆಯವರ ಕೈಸೇರಿತು ಎಂಬ ಅನುಮಾನ ಬಂದರೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಕೂಡಲೇ ತಿಳಿಸಿ ರದ್ದು ಮಾಡಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು?

ಇನ್ನೊಂದು ಮಾತು. ನೀವು ಹಾಕಿದ ದರ ಟೆಂಡರ್ ತೆರೆಯುವವರೆಗೆ ಪೋರ್ಟಲ್‌ನಲ್ಲಿ ಬೀಗ ಹಾಕಿದಂತೆ ಇರುತ್ತದೆ, ನಿಜ. ಆದರೆ ಆ ದರವನ್ನು ಟೈಪ್ ಮಾಡುವ ಹುಡುಗನೇ ನಿಮ್ಮ ಎದುರಾಳಿಯ ದರವನ್ನೂ ಟೈಪ್ ಮಾಡುತ್ತಿದ್ದರೆ? ಅವನು ಒಳ್ಳೆಯವನೇ ಇರಲಿ, ಅವನನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಸಹಾಯ ಬೇಕಾದರೆ ಪಕ್ಕದಲ್ಲಿ ಕೂತು ಮಾಡಿಸಿಕೊಳ್ಳಿ, ದರ ಮಾತ್ರ ನೀವೇ ತುಂಬಿ. ಮನೆಯಲ್ಲಿ ಓದಿದ ಮಗಳಿದ್ದರೆ ಅವಳ ಹತ್ತಿರ ಕಲಿತುಕೊಳ್ಳಿ, ಅದಕ್ಕೆ ನಾಚಿಕೆ ಯಾಕೆ?

ಕೊನೇ ದಿನ ಸಂಜೆಯವರೆಗೆ ಕಾಯುವ ಚಾಳಿ ಬಿಡಿ. ಅಲ್ಲಿ ನಡೆಯುವುದು ಸರ್ವರ್‌ನ ಗಡಿಯಾರ, ನಿಮ್ಮ ಕೈಗಡಿಯಾರವಲ್ಲ. ಕರೆಂಟ್ ಹೋಯಿತು, ಟೆಂಡರ್ ಜತೆ ಕಟ್ಟುವ ಇಎಂಡಿ ಠೇವಣಿ ಹಣ ಖಾತೆಯಿಂದ ಕಡಿತವಾದರೂ ಪೋರ್ಟಲ್‌ನಲ್ಲಿ ಜಮೆ ತೋರಿಸಲಿಲ್ಲ ಎಂದು ಆಮೇಲೆ ಗೋಳಾಡಿದರೆ ಕೇಳುವವರಿಲ್ಲ. ಎರಡು ದಿನ ಮೊದಲೇ ಹಣ ಕಟ್ಟಿ, ಕಾಗದಪತ್ರ ಏರಿಸಿ, ಏರಿಸಿದ ಕಡತ ತೆರೆಯುತ್ತದೆಯೇ ನೋಡಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಜಿಎಸ್‌ಟಿ ಪತ್ರದ ಫೋಟೋ ಓದಲು ಬಾರದಿದ್ದರೆ ತಾಂತ್ರಿಕ ಹಂತದಲ್ಲೇ ಹೊರಬೀಳುತ್ತೀರಿ. ನಿಮ್ಮ ದರದ ಲಕೋಟೆ ತೆರೆಯುವುದೇ ಇಲ್ಲ. ತಿದ್ದುಪಡಿ ಪ್ರಕಟಣೆಗಳನ್ನೂ ಆಗಾಗ ನೋಡುತ್ತಿರಿ. ಅಳತೆಯೋ ಕೊನೆಯ ದಿನಾಂಕವೋ ಬದಲಾಗಿರಬಹುದು.

ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವರು, ಆಗಲೇಬೇಕೆಂಬ ಹಟಕ್ಕೆ ಬಿದ್ದು ಅಂದಾಜಿಗಿಂತ ತೀರ ಕೆಳಗೆ ದರ ಬರೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಅಂಥ ದರಕ್ಕೆ ಹೆಚ್ಚುವರಿ ಭದ್ರತಾ ಠೇವಣಿ ಕೇಳಬಹುದು. ಸಿಮೆಂಟಿನ ಬೆಲೆ ಏರಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ತೊಂದರೆ ಊರಿನವರಿಗೆ.

ಕೇಂದ್ರದ ಇಲಾಖೆಗಳಿಗೆ ಮಾರುವವರಿಗೆ 2016ರಿಂದ ಜೆಮ್ ಪೋರ್ಟಲ್ ಇದೆ. ಅಲ್ಲಿ ಸಾಮಾನಿನ ಫೋಟೋ ಒಂದು, ಕೊಡುವ ಸಾಮಾನು ಇನ್ನೊಂದು ಆಗದಿರಲಿ.

ಕಚೇರಿಯಲ್ಲಿ ಕೂತವರೇ, ನಿಮಗೂ ಹೇಳುವುದಿದೆ. ಡಾಂಗಲನ್ನು ಆಪರೇಟರ್‌ಗೆ ಒಪ್ಪಿಸಿ ಮೀಟಿಂಗ್‌ಗೆ ಹೊರಡಬೇಡಿ. ಯಾವ ಲಾಗಿನ್‌ನಿಂದ ಎಷ್ಟು ಹೊತ್ತಿಗೆ ಏನು ಮಾಡಲಾಯಿತು ಎಂಬುದು ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಲೆಕ್ಕಪರಿಶೋಧಕರು ಬಂದಾಗ ಅಲ್ಲಿ ಕಾಣುವುದು ನಿಮ್ಮ ಹೆಸರೇ. ಒಬ್ಬನೇ ಅಂಗಡಿಯವನಿಗೆ ಹೊಂದುವಂತೆ ಕಂಪ್ಯೂಟರ್, ಪ್ರಿಂಟರ್‌ಗಳ ವಿವರ ಬರೆಯಬೇಡಿ. ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ತುಂಡು ಗುತ್ತಿಗೆ ಮಾಡಬೇಡಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾವ ಪೋರ್ಟಲ್ ಏನು ಮಾಡೀತು?

ಸರಿ, ಈಗ ಎದ್ದು ನಿಮ್ಮ ಡಾಂಗಲ್ ಎಲ್ಲಿದೆ ನೋಡಿ. ಸೈಬರ್ ಸೆಂಟರ್‌ನಲ್ಲಿದ್ದರೆ ಇವತ್ತೇ ತನ್ನಿ, ಪಾಸ್‌ವರ್ಡ್ ಬದಲಿಸಿ. ಸರ್ಟಿಫಿಕೇಟಿನ ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂಬುದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.