ಪಿಪಿಇ ಖರ್ಚು ಯಾರ ತಲೆಗೆ?

ಶಿರಸಿಯಲ್ಲಿ ನನ್ನದೊಂದು ಪುಟ್ಟ ದಂತ ಕ್ಲಿನಿಕ್ ಇದೆ. ವಾರಕ್ಕೊಂದು ದಿನ ಸಿದ್ದಾಪುರದಲ್ಲಿ, ಇನ್ನೊಂದು ದಿನ ಯಲ್ಲಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ರೋಗಿಗಳನ್ನು ನೋಡುತ್ತೇನೆ. ಕೊರೊನಾದ ಎರಡನೇ ಅಲೆ ಇಳಿದ ಮೇಲೆ ಜನ ಬರುತ್ತಿದ್ದಾರೆ, ಆದರೆ ಮೊದಲಿನ ಅರ್ಧದಷ್ಟೂ ಇಲ್ಲ. ನನಗೂ ಸಹಾಯಕಿಗೂ ಕಿಟ್, ಎನ್‌95, ಶೀಲ್ಡ್, ಗ್ಲೌಸ್ ಎಂದು ಮೂರೂ ಊರಿನಲ್ಲಿ ಖರ್ಚು. ಸಾಲದ ಕಂತು ಬೇರೆ. ಕೊನೆಗೆ, ಬಂದವರಿಗೆಲ್ಲ ತಲಾ 300 ರೂಪಾಯಿ ಪಿಪಿಇ ಚಾರ್ಜ್ ಹಾಕಿದೆ. ಕಳೆದ ವಾರ ಹೆಗ್ಗರಣಿ ಕಡೆಯ ಒಬ್ಬ ಅಜ್ಜ ಬಂದಿದ್ದರು. ಎಲೆ-ಅಡಿಕೆಯ ಕವಳ ಹಾಕುವವರು. ಕೆನ್ನೆಯ ಒಳಗೆ ಬಿಳಿ ಕಲೆ ಎಂದರು. ಚಾರ್ಜ್ ಎಷ್ಟೆಂದು ಕೇಳಿ, ‘ಇನ್ನೊಮ್ಮೆ ಬರ್ತೇನೆ ಡಾಕ್ಟ್ರೇ’ ಎಂದು ಬಾಗಿಲಿನಿಂದಲೇ ಹೊರಟುಹೋದರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಚಾರ್ಜ್ ಬಿಟ್ಟರೆ ಕ್ಲಿನಿಕ್ ನಡೆಯುವುದಿಲ್ಲ. ಎನ್‌95 ಬಿಟ್ಟು ಸಾದಾ ಮಾಸ್ಕಿನಲ್ಲೇ ಸುಧಾರಿಸಲೇ ಎಂಬ ಯೋಚನೆಯೂ ಬಂದಿದೆ. ಏನು ಮಾಡಲಿ?
— ದಂತ ವೈದ್ಯೆ, ಶಿರಸಿ. ಜುಲೈ 2021

ಡಾಕ್ಟರೇ, ಮೊದಲು ಆ ಅಜ್ಜನನ್ನು ಕರೆಸಿ. ಉಳಿದ ಲೆಕ್ಕವೆಲ್ಲ ಆಮೇಲೆ. ನಿಮ್ಮ ರಿಜಿಸ್ಟರಿನಲ್ಲಿ ನಂಬರ್ ಇಲ್ಲದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಹೇಳಿ ಕಳಿಸಿ, ದುಡ್ಡಿನ ಮಾತಿಲ್ಲ ಎಂದೂ ತಿಳಿಸಿ. ತಂಬಾಕಿನ ಕವಳ ಹಾಕುವವರ ಬಾಯಿಯ ಬಿಳಿ ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ದಿನೇ ದಿನೇ ಕಡಿಮೆ ತೆರೆಯುವ ಬಾಯಿ, ಇವು ಕೊರೊನಾ ಮುಗಿಯಲಿ ಎಂದು ಕಾಯುವ ಸಂಗತಿಗಳಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ಬಯಾಪ್ಸಿ ಬೇಕಾದರೆ ಅವರನ್ನು ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೋ ಹುಬ್ಬಳ್ಳಿಗೋ ಕಳಿಸಬೇಕಾದೀತು. ಆ ದಾರಿ ಶುರುವಾಗುವುದು ನಿಮ್ಮ ಕುರ್ಚಿಯಲ್ಲಿ ಬಾಯಿ ತೆರೆದ ಮೇಲೆಯೇ.

ನೀವು ಚಾರ್ಜ್ ತೆಗೆದುಕೊಂಡದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ತಲೆಗಿಷ್ಟು ಎಂದು ಹಾಕಿದ್ದು ತಪ್ಪು. ನಿಮ್ಮ ಕೆಲಸದಲ್ಲಿ ತುಂತುರು ಏಳುವುದು ಯಾವಾಗ? ಏರೋಟರ್ ಡ್ರಿಲ್ ತಿರುಗಿದಾಗ, ಅಲ್ಟ್ರಾಸಾನಿಕ್ ಸ್ಕೇಲರ್ ಹಿಡಿದಾಗ, ಗಾಳಿ-ನೀರಿನ ಸಿರಿಂಜನ್ನು ಒಟ್ಟಿಗೆ ಒತ್ತಿದಾಗ. ಬಾಯಿ ಪರೀಕ್ಷೆ, ಸಾಮಾನ್ಯ ಹಲ್ಲು ಕೀಳುವುದು, ಹೊಲಿಗೆ ಬಿಚ್ಚುವುದು, ಹಲ್ಲಿನ ಸೆಟ್ಟಿಗೆ ಅಳತೆ ತೆಗೆಯುವುದು, ಕೈ ಉಪಕರಣದಲ್ಲಿ ಕಿಟ್ಟ ತೆಗೆಯುವುದು, ಇವುಗಳಲ್ಲಿ ಅಂಥ ತುಂತುರಿಲ್ಲ. ಎದುರಿಗಿದ್ದವರು ಮಾಸ್ಕ್ ಬಿಚ್ಚಿ ಬಾಯಿ ತೆರೆದಿರುತ್ತಾರಾದ್ದರಿಂದ ಎನ್‌95, ಶೀಲ್ಡ್, ಗ್ಲೌಸ್ ಎಲ್ಲದಕ್ಕೂ ಬೇಕು. ಗೌನ್ ಮತ್ತಿತರ ಸಿದ್ಧತೆ ಮಾತ್ರ ತುಂತುರಿನ ಕೆಲಸದ ಖರ್ಚು. ಅದನ್ನು ರೂಟ್ ಕೆನಾಲ್, ಕ್ಯಾಪ್, ಡ್ರಿಲ್ ಮಾಡಿ ಸಿಮೆಂಟ್ ತುಂಬುವ ಕೆಲಸಗಳ ದರದಲ್ಲೇ ಸೇರಿಸಿ. ಬಾಯಿ ಪರೀಕ್ಷೆಗೆ ಮಾತ್ರ ಬಂದವರಿಂದ ಪಿಪಿಇ ಹೆಸರಿನಲ್ಲಿ ಒಂದು ರೂಪಾಯಿಯೂ ಬೇಡ. ಹೊಸ ದರಗಳನ್ನು ಬೋರ್ಡಿನಲ್ಲಿ ಬರೆಸಿ ಹಾಕಿ. ಶುಲ್ಕದ ಪಟ್ಟಿ ಎಲ್ಲರಿಗೂ ಕಾಣುವಂತಿರಬೇಕೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯೂ ಹೇಳುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವವರಿಗೆ ಈ ವ್ಯತ್ಯಾಸ ವಿವರಿಸುವುದು ಕಷ್ಟವಲ್ಲ. ಔಷಧಿ ಹೊಡೆಯುವ ದಿನ ಮೈ-ಮುಖ ಮುಚ್ಚಿಕೊಳ್ಳುವವರು ಬರಿದೆ ತೋಟ ಸುತ್ತುವ ದಿನ ಹಾಗೆ ಮಾಡುವುದಿಲ್ಲವಲ್ಲ.

ಇನ್ನು ಮೂರು ಊರಿನ ವಿಷಯ. ನಿಮ್ಮ ಖರ್ಚು ಸೋರುತ್ತಿರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಸಿದ್ದಾಪುರದಲ್ಲಿ ಒಂದು ಏರೋಟರ್ ಕೆಲಸ, ಯಲ್ಲಾಪುರದಲ್ಲಿ ಎರಡು ಎಂದು ಹಂಚಿಹೋದರೆ ಮೂರೂ ಕಡೆ ಪೂರ್ತಿ ಸಿದ್ಧತೆ ಬೇಕು. ತುಂತುರಿನ ಕೆಲಸವೆಲ್ಲ ಶಿರಸಿಗೇ ಇರಲಿ, ಅದೂ ವಾರದಲ್ಲಿ ಗೊತ್ತು ಮಾಡಿದ ಎರಡು ಮೂರು ಬೆಳಗಿನ ಹೊತ್ತು. ಆಗ ಒಂದೇ ಎನ್‌95ನ್ನು ತೆಗೆಯದೆ ಆ ಅವಧಿಯಿಡೀ ಹಾಕಿಕೊಂಡಿರಬಹುದು. ತೆಗೆದು ಮತ್ತೆ ಹಾಕುವುದಕ್ಕಿಂತ ಇದು ಸುರಕ್ಷಿತ. ಗೌನ್ ಮತ್ತು ಗ್ಲೌಸ್ ಮಾತ್ರ ರೋಗಿಯಿಂದ ರೋಗಿಗೆ ಬದಲಾಗಲೇಬೇಕು. ಯಾರಿಗೆ ಯಾವ ಊರು ಎಂಬುದನ್ನು ಮೊದಲೇ ಫೋನಿನಲ್ಲಿ ತೊಂದರೆ ಕೇಳಿ ಗೊತ್ತುಮಾಡಿ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇ ತಿಂಗಳಲ್ಲಿ ದಂತ ವೈದ್ಯರಿಗೆಂದು ಹೊರಡಿಸಿದ ಮಾರ್ಗಸೂಚಿಯೂ ಫೋನ್ ವಿಚಾರಣೆಗೆ ಒತ್ತು ಕೊಟ್ಟಿತ್ತು.

ಹಾಗಾದರೆ ಸಿದ್ದಾಪುರ, ಯಲ್ಲಾಪುರದವರಿಗೆ ಹುಳುಕು ಹಲ್ಲಿನ ಚಿಕಿತ್ಸೆಯೇ ಇಲ್ಲವೇ? ಇದೆ. 1980ರ ದಶಕದಲ್ಲಿ ತಾಂಜಾನಿಯಾದ ಹಳ್ಳಿಗಳಲ್ಲಿ, ಕರೆಂಟೂ ಡ್ರಿಲ್ಲೂ ಇಲ್ಲದ ಕಡೆ, ಹುಳುಕನ್ನು ಕೈ ಉಪಕರಣದಿಂದಲೇ ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ಪದ್ಧತಿ ರೂಪುಗೊಂಡಿತು. ಎಆರ್‌ಟಿ ಎಂದು ನೀವು ಓದಿರುತ್ತೀರಿ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಜಗತ್ತಿನ ಮುಂದಿಟ್ಟಿತು. ಬಡ ದೇಶಗಳಿಗೆಂದು ಹುಟ್ಟಿದ ಆ ವಿಧಾನದಲ್ಲಿ ತುಂತುರೇ ಇಲ್ಲ. ಹಲ್ಲಿನ ಒಂದೇ ಬದಿಯ ಸಣ್ಣ, ಮಧ್ಯಮ ಹುಳುಕಿಗೆ ಅದು ಧಾರಾಳ ಸಾಕು. ಮಕ್ಕಳಂತೂ ಡ್ರಿಲ್ಲಿನ ಸದ್ದಿಲ್ಲದೆ ಸಮಾಧಾನದಿಂದ ಕೂರುತ್ತಾರೆ.

ಶಿರಸಿಯಲ್ಲಿ ತುಂತುರನ್ನೇ ಕಡಿಮೆ ಮಾಡಲು ರಬ್ಬರ್ ಡ್ಯಾಂ ಹಾಕಿ, ದೊಡ್ಡ ಬಾಯಿಯ ಸಕ್ಷನ್ನನ್ನು ಸಹಾಯಕಿ ಹಲ್ಲಿನ ಪಕ್ಕದಲ್ಲೇ ಹಿಡಿಯಲಿ. ಎಸಿ ಬೇಡ. ಕಿಟಕಿ ತೆರೆದು, ಗಾಳಿಯನ್ನು ಹೊರಕ್ಕೆ ತಳ್ಳುವಂತೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಅದು ಒಮ್ಮೆ ಮಾಡುವ ಖರ್ಚು.

ಎನ್‌95 ಬಿಡುವ ಯೋಚನೆಯನ್ನು ಈಗಲೇ ಬಿಡಿ. ನಿಮಗೊಂದು ದರ್ಜೆ, ಸಹಾಯಕಿಗೊಂದು ದರ್ಜೆಯ ಮಾಸ್ಕ್ ಎನ್ನುವುದಂತೂ ಬೇಡವೇ ಬೇಡ. ತುಂತುರಿಗೆ ಆಕೆಯೂ ನಿಮ್ಮಷ್ಟೇ ಹತ್ತಿರ ನಿಂತಿರುತ್ತಾಳೆ. ಕೊಳ್ಳುವಾಗ ಐಎಸ್ 9473, ಎಫ್‌ಎಫ್‌ಪಿ2 ಎಂಬ ಗುರುತು ನೋಡಿ. ವಾಲ್ವ್ ಇರುವುದು ಬೇಡ. ನೀವು ಬಿಟ್ಟ ಉಸಿರು ಅದರ ಮೂಲಕ ನೇರ ರೋಗಿಯ ಮುಖಕ್ಕೆ ಹೋಗುತ್ತದೆ. ಮಾಸ್ಕನ್ನು ಕಾಗದದ ಕವರಿನಲ್ಲಿಟ್ಟು ಐದು ದಿನ ಬಿಟ್ಟು ಸರದಿಯಂತೆ ಬಳಸುವ ಉಪಾಯ ಎಲ್ಲರಿಗೂ ಗೊತ್ತು. ಆದರೆ ಅದು ಒಣ ಊರಿನ ಉಪಾಯ. ಬೀರುವಿನಲ್ಲಿಟ್ಟ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಕಾಗದದ ಕವರೇ ತೇವ ಹೀರುತ್ತದೆ. ಹಾಗಾಗಿ ಪ್ರತಿ ಸಲ ಹಾಕಿಕೊಂಡ ಮೇಲೆ ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಮೂಗಿನ ಪಕ್ಕದಿಂದ ಗಾಳಿ ನುಸುಳಿದರೆ, ಕನ್ನಡಕಕ್ಕೆ ಮಬ್ಬು ಕಟ್ಟಿದರೆ, ಪಟ್ಟಿ ಸಡಿಲವಾಗಿದ್ದರೆ, ಮಾಸ್ಕ್ ಮುಟ್ಟಿದಾಗ ಮೆತ್ತಗಾಗಿದ್ದರೆ ಎಸೆದುಬಿಡಿ. ನಾಲ್ಕು ತಿಂಗಳ ಮಳೆಗೆ ಮಾಸ್ಕಿನ ಖರ್ಚು ಸ್ವಲ್ಪ ಹೆಚ್ಚೇ ಎಂದು ಹಿಡಿದು ಲೆಕ್ಕ ಹಾಕಿ.

ಉಳಿಸಬಹುದಾದದ್ದು ಕವರಾಲ್ ಕಿಟ್ಟಿನಲ್ಲಿ. ತಲೆಯಿಂದ ಕಾಲಿನವರೆಗಿನ ಆ ಬಿಳಿ ಅಂಗಿ ಕೋವಿಡ್‌ಗೆ ಕಡ್ಡಾಯವಲ್ಲ, ನೀರು ಇಳಿಯದ ಗೌನ್ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಒಗೆದು ಬಳಸುವ ಗೌನ್ ಕೊಳ್ಳಿ. 600 ರೂಪಾಯಿಯದು 50 ಒಗೆತ ಬಾಳಿದರೆ ಸಲಕ್ಕೆ 12 ರೂಪಾಯಿ, ಬಿಸಿನೀರು-ಸೋಪಿನದು ಬೇರೆ. ಒಮ್ಮೆ ಹಾಕಿ ಎಸೆಯುವ ಕಿಟ್ಟಿನ ಬೆಲೆಯ ಪಕ್ಕ ಇದನ್ನಿಟ್ಟು ನೋಡಿ. ಮಳೆಯಲ್ಲಿ ಬೇಗ ಒಣಗುವುದಿಲ್ಲವಾದ್ದರಿಂದ ಜೊತೆಗಳು ಹೆಚ್ಚಿಗೆ ಬೇಕಾಗುತ್ತವೆ. ಅರೆಬರೆ ಒಣಗಿದ್ದನ್ನು ಹಾಕಬೇಡಿ. ಒಗೆಯಲು ಸಹಾಯಕಿಯ ಮನೆಗೆ ಕೊಟ್ಟು ಕಳಿಸಲೂ ಬೇಡಿ.

ಈ ಖರ್ಚು ಕಾಯಂ ಆಗಿಬಿಟ್ಟೀತೇ ಎಂಬ ಭಯವೂ ನಿಮಗಿರಬಹುದು. ಸ್ವಲ್ಪ ಮಟ್ಟಿಗೆ ಆದೀತು. 1980ರ ದಶಕದವರೆಗೆ ಅಮೆರಿಕದಲ್ಲೂ ಎಷ್ಟೋ ದಂತ ವೈದ್ಯರು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದರು. ಏಡ್ಸ್ ಬಂದಮೇಲೆ, 1986ರಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದಂತ ಚಿಕಿತ್ಸೆಗೆ ಸೋಂಕು ತಡೆಯ ಸೂಚನೆಗಳನ್ನು ಕೊಟ್ಟಿತು. ಇಂದು ಸಾಮಾನ್ಯವಾಗಿ ಯಾವ ಕ್ಲಿನಿಕ್ಕೂ ಬಿಲ್ಲಿನಲ್ಲಿ ಗ್ಲೌಸ್ ಚಾರ್ಜ್ ಎಂದು ಪ್ರತ್ಯೇಕ ಬರೆಯುವುದಿಲ್ಲ.

ಕೊಳ್ಳುವುದನ್ನು ಒಬ್ಬರೇ ಮಾಡಬೇಡಿ. 1923ರಲ್ಲೇ ತೋಟಗಾರರು ಒಟ್ಟಾಗಿ ಟಿಎಸ್‌ಎಸ್ ಸಹಕಾರಿ ಸಂಘ ಕಟ್ಟಿದ ಊರು ನಿಮ್ಮದು. ಮೂರೂ ತಾಲ್ಲೂಕಿನ ದಂತ ವೈದ್ಯರು ಸೇರಿ ತಿಂಗಳಿಗೊಮ್ಮೆ ಒಂದೇ ಆರ್ಡರನ್ನು ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಕೊಡಿ. ಎರಡು ತಿಂಗಳಿಗಿಂತ ಹೆಚ್ಚು ದಾಸ್ತಾನು ಬೇಡ. ಬಹಳ ದಿನ ಇಟ್ಟರೆ ಗ್ಲೌಸ್ ಅಂಟುತ್ತದೆ, ಮಾಸ್ಕಿನ ಪಟ್ಟಿ ಜಗ್ಗುತ್ತದೆ. ಸ್ಯಾನಿಟೈಸರ್ ಮೇಲಿನ ಜಿಎಸ್‌ಟಿಯನ್ನು 2021ರ ಜೂನ್ ತಿಂಗಳಲ್ಲಿ ಶೇಕಡ 18ರಿಂದ 5ಕ್ಕೆ ಇಳಿಸಿದ್ದರು, ಆ ವರ್ಷದ ಸೆಪ್ಟೆಂಬರ್ 30ರವರೆಗೆ. ಆ ಅವಧಿಯ ಬಿಲ್ಲಿನಲ್ಲಿ ಹಳೆಯ ದರ ಇದೆಯೇ ನೋಡಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ್ದರಿಂದ, ಕೊಳ್ಳುವಾಗ ನೀವು ಕಟ್ಟಿದ ತೆರಿಗೆ ಮರಳಿ ಸಿಗುವುದಿಲ್ಲ. ದರ ಲೆಕ್ಕ ಹಾಕುವಾಗ ಅದೂ ಸೇರಿರಲಿ.

ಕೊನೆಯದಾಗಿ, ಬಿಲ್ಲುಗಳನ್ನು ತೆಗೆದಿಡಿ. ಸಣ್ಣ ಕ್ಲಿನಿಕ್ಕಿನವರು ಸಾಮಾನ್ಯವಾಗಿ ಆದಾಯ ತೆರಿಗೆಯ 44ಎಡಿಎ ಸೆಕ್ಷನ್ನಿನಲ್ಲಿ, ಬಂದ ಹಣದ ಅರ್ಧವನ್ನೇ ಲಾಭವೆಂದು ತೋರಿಸಿ ಮುಗಿಸುತ್ತಾರೆ. ಮಾಮೂಲಿ ವರ್ಷಗಳಿಗೆ ಅದು ಸಲೀಸು. ಆದರೆ ಈ ಎರಡು ವರ್ಷ ನಿಮ್ಮ ನಿಜವಾದ ಖರ್ಚೇ ಅರ್ಧ ದಾಟಿದ್ದರೆ, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ. ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಿದರೆ ನಿಜವಾದ ಲಾಭವನ್ನೇ ತೋರಿಸಬಹುದು. ಆಡಿಟ್ ಫೀಸಿಗಿಂತ ಉಳಿತಾಯ ದೊಡ್ಡದೇ ಎಂದು ಈ ಸಲದ ರಿಟರ್ನ್ ಹಾಕುವ ಮೊದಲು ನಿಮ್ಮ ಸಿಎ ಜೊತೆ ಕೂತು ಕೇಳಿ.