ಚೀಟಿಯ ತಾರೀಖು ನೋಡಿಕೊಳ್ಳಿ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಟೆಂಪೊ ಟ್ರಾವೆಲರ್ ಮಾಡಿಕೊಂಡು ಕಾಶಿಗೆ ಹೋದವರು, ‘ಇಷ್ಟು ದೂರ ಬಂದಾಯ್ತು, ಪಶುಪತಿನಾಥನನ್ನೂ ನೋಡೇಬಿಡೋಣ’ ಅಂತ ಸುನೌಲಿಯಲ್ಲಿ ಗಡಿ ದಾಟುವುದುಂಟು. ನೇಪಾಳಕ್ಕೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟಿಗೆ ಮುದ್ರೆಯೂ ಬೇಡ. ವೋಟರ್ ಐಡಿ ಜೇಬಲ್ಲಿದ್ದರೆ ಸಾಕು. ಎಡವಟ್ಟಾಗುವುದೇ ಇಲ್ಲಿ: ನಮಗಿಲ್ಲದ ಗಡುವು ನಮ್ಮ ಗಾಡಿಗಿದೆ!

ಕೆಎ-10 ನಂಬರಿನ ಗಾಡಿಗೆ ನೇಪಾಳದ ಕಸ್ಟಮ್ಸ್‌ನಲ್ಲಿ ದಿನಕ್ಕಿಷ್ಟು ಅಂತ ಸುಂಕ ಕಟ್ಟಿ ಚೀಟಿ ಮಾಡಿಸಬೇಕು. ಅದನ್ನು ಭನ್ಸಾರ್ ಅಂತಾರೆ. ಚೀಟಿ ಕೈಗೆ ಬಂದ ಕೂಡಲೇ ಮಡಚಿ ಡ್ರೈವರಣ್ಣನಿಗೆ ಕೊಟ್ಟುಬಿಡಬೇಡಿ. ಗಾಡಿ ನಂಬರ್ ಸರಿಯಿದೆಯಾ, ಎಷ್ಟು ದಿನ ಬರೆದಿದ್ದಾರೆ, ನೋಡಿ. ಇಸವಿ 2080ರ ಮೇಲಿದ್ದರೆ ಗಾಬರಿಯಾಗಬೇಡಿ. ಅವರದು ವಿಕ್ರಮ ಸಂವತ್, ನಮಗಿಂತ ಸುಮಾರು 57 ವರ್ಷ ಮುಂದೆ. ಕೊನೆಯ ದಿನ ನಮ್ಮ ಕ್ಯಾಲೆಂಡರಿನಲ್ಲಿ ಯಾವತ್ತು ಅಂತ ಅಲ್ಲೇ ಕೇಳಿ ಬರೆದುಕೊಳ್ಳಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗುವುದು ಅಲ್ಲಿ ಮಾಮೂಲು, ಒಂದೆರಡು ದಿನ ಹೆಚ್ಚಿಗೇ ಕಟ್ಟಿರಿ. ದಿನ ಮೀರಿದರೆ ದಂಡ.

ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ ಬರುವ ವಿದೇಶಿಯರ ಮಾತೇ ಬೇರೆ. ಅವರು ನೇಪಾಳಕ್ಕೆ ಹೋಗುವುದಾದರೆ ಸುನೌಲಿಯಲ್ಲಿ ಎರಡೂ ಕಡೆಯ ಮುದ್ರೆ ಹಾಕಿಸಿಕೊಳ್ಳಲೇಬೇಕು. ಆ ಸಂತೆಯಂಥ ಗದ್ದಲದಲ್ಲಿ ಇಮಿಗ್ರೇಷನ್ ಕಚೇರಿ ಕಣ್ಣಿಗೆ ಬೀಳದೇ ದಾಟಿ ಹೋಗುವವರಿದ್ದಾರೆ.

ಹಾಂ, ಭನ್ಸಾರ್ ಚೀಟಿಯದೊಂದು ಫೋಟೊ ತೆಗೆದು ಊರಲ್ಲಿರುವವರಿಗೂ ವಾಟ್ಸಾಪ್ ಮಾಡಿ. ಚೀಟಿಯನ್ನು ಮಾತ್ರ ಜೋಪಾನವಾಗಿಡಿ, ಮರಳಿ ಗಡಿ ದಾಟುವಾಗ ಅದನ್ನು ಕೇಳುತ್ತಾರೆ.